ಚಾರ್ಮಾಡಿಯ ಮಂಜು, ಪಿಕಪ್ಪಿನ ದೀಪ

ಜುಲೈ ತಿಂಗಳ ನಡುರಾತ್ರಿ ಕಳೆದು ಒಂದೆರಡು ಗಂಟೆಯಾಗಿದೆ. ಕೊಟ್ಟಿಗೆಹಾರದ ವೃತ್ತದಲ್ಲಿ ಮಳೆ ನಿಂತಿಲ್ಲ, ಜೋರೂ ಇಲ್ಲ. ಒಂದೆರಡು ಹೋಟೆಲುಗಳ ಎದುರು ಮಂಗಳೂರಿನ ಕಡೆ ಮುಖ ಮಾಡಿ ಏಳೆಂಟು ಪಿಕಪ್ ವಾಹನಗಳು ನಿಂತಿವೆ. ಟಾರ್ಪಾಲಿನ ಕೆಳಗೆ ಬೀನ್ಸ್, ಎಲೆಕೋಸು, ಹಸಿಮೆಣಸು, ಹಸಿಶುಂಠಿಯ ಮೂಟೆಗಳು. ಮಂಗಳೂರಿನ ಮಾರುಕಟ್ಟೆ ಬೆಳಕು ಹರಿಯುವ ಮೊದಲೇ ಏಳುತ್ತದೆ. ಇನ್ನೂ ನೂರು ಕಿಲೋಮೀಟರಿನಷ್ಟು ದಾರಿ ಉಳಿದಿದೆ. ಆ ದಾರಿಯ ಮೊದಲ ಭಾಗವೇ ಚಾರ್ಮಾಡಿ ಘಾಟಿ.

ಚಾಲಕರು ಬಿಸಿ ಚಹಾ ಕುಡಿಯುತ್ತಾ ಒಬ್ಬರ ಗಾಡಿಯನ್ನು ಇನ್ನೊಬ್ಬರು ನೋಡುತ್ತಾರೆ. ಇಂಜಿನ್ನನ್ನಲ್ಲ, ಟೈರನ್ನಲ್ಲ, ದೀಪಗಳನ್ನು. ಒಂದರ ಬಂಪರಿನ ಮೇಲೆ ಎರಡು ಹಳದಿ ದೀಪ. ಇನ್ನೊಂದರ ಕ್ಯಾಬಿನ್ನಿನ ನೆತ್ತಿಯ ಮೇಲೆ ಅಡ್ಡಪಟ್ಟಿಯಂತೆ ಉದ್ದನೆಯ ಎಲ್‌ಇಡಿ ಬಾರ್. ಮತ್ತೊಂದಕ್ಕೆ ಬಂಪರ್, ಕನ್ನಡಿ, ಗ್ರಿಲ್ ಎಲ್ಲ ಸೇರಿ ಎಂಟು ದೀಪ, ಜಾತ್ರೆಯ ತೇರಿನಂತೆ. ಘಾಟಿಯ ಮಂಜಿನೊಳಗೆ ಇಳಿಯುವವನಿಗೆ ಬೆಳಕು ಎಷ್ಟಿದ್ದರೂ ಸಾಲದು ಎಂಬುದು ಇಲ್ಲಿನ ಸಾಮಾನ್ಯ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ?

ಮೋಡದೊಳಗಿನ ರಸ್ತೆ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರ ಪಶ್ಚಿಮಘಟ್ಟದ ಅಂಚಿನಲ್ಲಿ ಕುಳಿತ ಸಣ್ಣ ಊರು. ಮೂಡಿಗೆರೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಪೂರ್ಣಚಂದ್ರ ತೇಜಸ್ವಿ. 2007ರಲ್ಲಿ ಅವರು ತೀರಿಕೊಂಡ ನಂತರ ಅವರ ಹೆಸರಿನ ಪ್ರತಿಷ್ಠಾನ ನೆಲೆಗೊಂಡದ್ದು ಈ ಕೊಟ್ಟಿಗೆಹಾರದಲ್ಲೇ. ದಾರಿಹೋಕರಿಗೆ ಮಾತ್ರ ಈ ಊರು ನೀರುದೋಸೆಗೆ ಪ್ರಸಿದ್ಧ. ಇಲ್ಲಿಂದ ಪಶ್ಚಿಮಕ್ಕೆ ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73 ಹಾವಿನಂತೆ ಸುತ್ತಿ ಸುತ್ತಿ ಇಳಿದು, ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಗ್ರಾಮವನ್ನು ಸೇರುತ್ತದೆ. ಮುಂದೆ ಉಜಿರೆ, ಬೆಳ್ತಂಗಡಿ, ಬಂಟ್ವಾಳದ ಬಿ.ಸಿ. ರೋಡ್, ಆಮೇಲೆ ಮಂಗಳೂರು.

ಈ ಊರಿನ ಆಸುಪಾಸು ನೀರು ಇಬ್ಭಾಗವಾಗುವ ಜಾಗ. ಪೂರ್ವಕ್ಕೆ ಬಿದ್ದ ಮಳೆಹನಿ ಹೇಮಾವತಿಯನ್ನು ಸೇರಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮದ ಇಳಿಜಾರಿಗೆ ಬಿದ್ದದ್ದು ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಎರಡು ಸಮುದ್ರಗಳ ಪಾಲಾಗುತ್ತವೆ.

ಮಳೆಗಾಲದಲ್ಲಿ ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಕರಾವಳಿಯನ್ನು ದಾಟಿ ಘಟ್ಟದ ಗೋಡೆಗೆ ಬಡಿಯುತ್ತದೆ. ಮುಂದೆ ಹೋಗಲು ಮೇಲೇರದೆ ದಾರಿಯಿಲ್ಲ. ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ತನ್ನೊಳಗಿನ ನೀರಾವಿಯನ್ನೆಲ್ಲ ಹಿಡಿದಿಟ್ಟುಕೊಳ್ಳಲಾರದು. ಹೆಚ್ಚಾದ ಆವಿ ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಹನಿಗಳಾಗುತ್ತದೆ. ಕೆಳಗೆ ಉಜಿರೆಯಲ್ಲಿ ನಿಂತವನು ಅದನ್ನು ಗುಡ್ಡದ ಮೇಲಿನ ಮೋಡವೆನ್ನುತ್ತಾನೆ. ಘಾಟಿಯಲ್ಲಿ ಗಾಡಿ ಓಡಿಸುವವನು ಅದನ್ನೇ ಮಂಜು ಎನ್ನುತ್ತಾನೆ. ಇಬ್ಬರ ಮಾತೂ ನಿಜ. ಚಾರ್ಮಾಡಿಯ ರಸ್ತೆ ಮಳೆಗಾಲದಲ್ಲಿ ಮೋಡದ ಹೊಟ್ಟೆಯೊಳಗೇ ಹಾದುಹೋಗುತ್ತದೆ.

ದಾರಿಯೇನೂ ಸಲೀಸಾದದ್ದಲ್ಲ. ಒಂದು ಬದಿಗೆ ನೀರು ಸುರಿಯುವ ಬಂಡೆ, ಇನ್ನೊಂದು ಬದಿಗೆ ಮೊಣಕಾಲೆತ್ತರದ ತಡೆಗೋಡೆ, ಅದರಾಚೆ ಕಣಿವೆ. 2019ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡ ಅಲ್ಲಲ್ಲಿ ಕುಸಿದು ಘಾಟಿ ಮುಚ್ಚಿತ್ತು. ತೆರೆದ ಮೇಲೂ ಭಾರಿ ವಾಹನಗಳಿಗೆ ನಿರ್ಬಂಧವಿತ್ತು. ಆ ದಿನಗಳಲ್ಲಿ ಘಾಟಿಯ ಸರಕು ಸಾಗಣೆಯ ಹೊರೆ ಪಿಕಪ್ಪಿನಂಥ ಸಣ್ಣ ಗಾಡಿಗಳ ಬೆನ್ನಿಗೆ ಬಿತ್ತು. ಈಗಲೂ ಮಲೆನಾಡಿನ ತರಕಾರಿ ಕೆಳಗಿಳಿಯುವುದು, ಮೀನುಗಾರಿಕೆಯ ರಜೆ ಮುಗಿದ ಆಗಸ್ಟಿನಿಂದಾಚೆಗೆ ಕರಾವಳಿಯ ಮೀನು ಮೇಲೆ ಬರುವುದು ಹೆಚ್ಚಾಗಿ ಇಂಥ ಗಾಡಿಗಳಲ್ಲೇ. ಚಾಲಕರಲ್ಲಿ ಅನೇಕರು ಘಾಟಿಯ ಅಣ್ಣಪ್ಪಸ್ವಾಮಿ ಗುಡಿಯೆದುರು ಗಾಡಿ ನಿಧಾನಿಸಿ ಕೈಮುಗಿದೇ ಮುಂದೆ ಹೋಗುತ್ತಾರೆ.

ಒಂದು ಸಂಜೆಯ ಪಾಠ

ಬಣಕಲ್ ಕಡೆಯ ಒಬ್ಬ ಪಿಕಪ್ ಮಾಲೀಕರ ಕಥೆ ಈ ದಾರಿಯವರಿಗೆ ಹೊಸದೇನಲ್ಲ. ಎರಡು ಎಕರೆ ಕಾಫಿ ತೋಟ, ಸಾಲದಲ್ಲಿ ತೆಗೆದುಕೊಂಡ ಒಂದು ಪಿಕಪ್, ಮೂಡಿಗೆರೆಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಗ. ಗಾಡಿಯ ಸ್ವಂತ ಹೆಡ್‌ಲೈಟ್ ಮಂಜಿನಲ್ಲಿ ಮಂಕಾಗಿ ಕಾಣುತ್ತದೆಂದು ಅವರು ಕ್ಯಾಬಿನ್ನಿನ ಮೇಲೆ ಎಲ್‌ಇಡಿ ಬಾರ್ ಹಾಕಿಸಿದರು. ಮನೆಯ ಅಂಗಳದಲ್ಲಿ ಮೊದಲ ಬಾರಿ ಉರಿಸಿದಾಗ ಎದುರಿನ ಸಿಲ್ವರ್ ಓಕ್ ಮರಗಳು ತುದಿಯವರೆಗೆ ಬೆಳಗಿದವು. ಎಲ್ಲರಿಗೂ ಖುಷಿಯಾಯಿತು.

ಮುಂದಿನ ವಾರ ಸಂಜೆ ಎಂಟರ ಸುಮಾರಿಗೆ, ಪೂರ್ತಿ ಲೋಡು ಹೊತ್ತು ಅವರು ಘಾಟಿ ಇಳಿಯುತ್ತಿದ್ದರು. ಒಂದು ತಿರುವಿನಲ್ಲಿ ಮಂಜು ದಟ್ಟವಾಯಿತು. ಅವರು ಬಾರ್‌ನ ಸ್ವಿಚ್ ಒತ್ತಿದರು. ರಸ್ತೆ ಕಾಣಲಿಲ್ಲ. ಗಾಜಿನ ಮುಂದೆ ಯಾರೋ ಬಿಳಿ ಪಂಚೆ ಹಿಡಿದು ನಿಂತಂತಾಯಿತು. ಗಾಬರಿಯಿಂದ ಸ್ವಿಚ್ ಆರಿಸಿದರು. ಆಗ ಇನ್ನೊಂದು ತೊಂದರೆ. ಬೆಳಕಿಗೆ ಹೊಂದಿಕೊಂಡಿದ್ದ ಕಣ್ಣಿಗೆ ಏನೂ ಕಾಣದ ಕತ್ತಲೆ. ಬ್ರೇಕ್ ಒತ್ತಿದಾಗ ಎಡಗಡೆಯ ಮುಂದಿನ ಚಕ್ರ ಗುಡ್ಡದ ಬದಿಯ ಚರಂಡಿಗೆ ಇಳಿದು ಗಾಡಿ ನಿಂತಿತು.

ಇಳಿದು ನೋಡಿದರೆ ರಸ್ತೆಯ ಆಚೆ ಬದಿಯಲ್ಲಿ ಒಂದು ಬೈಕ್ ನಿಂತಿತ್ತು. ಕೆಳಗಿನಿಂದ ಹತ್ತಿ ಬರುತ್ತಿದ್ದ ಯುವಕ, ಹಿಂದೆ ಅವನ ತಾಯಿ. ಬೈಕಿನ ಮುಂದಿನ ಚಕ್ರಕ್ಕೂ ಮುರಿದ ತಡೆಗೋಡೆಗೂ ನಡುವೆ ಒಂದು ಮೊಳದ ಅಂತರ. ಯುವಕ ಬೈಯಲಿಲ್ಲ. ನಡುಗುವ ದನಿಯಲ್ಲಿ ಇಷ್ಟೇ ಹೇಳಿದ: “ನಿಮ್ಮ ಲೈಟ್ ಬಂದ ಮೇಲೆ ನಮಗೆ ರಸ್ತೆಯೇ ಕಾಣ್ಲಿಲ್ಲ ಅಣ್ಣ.”

ಆ ತಾಯಿ ಏನೂ ಮಾತನಾಡದೆ ಗೋಡೆ ಮುರಿದ ಜಾಗವನ್ನೇ ನೋಡುತ್ತಿದ್ದರಂತೆ. ಚರಂಡಿಯಿಂದ ಗಾಡಿ ಎತ್ತಲು ಒಂದು ಗಂಟೆ ಹಿಡಿಯಿತು. ಆ ನೋಟ ಮನಸ್ಸಿನಿಂದ ಹೋಗಲು ಅದಕ್ಕಿಂತ ಹೆಚ್ಚು ದಿನ ಬೇಕಾಯಿತು.

ಬಿಳಿ ಗೋಡೆ ಎಲ್ಲಿಂದ ಬಂತು?

ಮಂಜಿನ ಹನಿಗಳು ಬಹಳ ಸಣ್ಣವು. ಅವುಗಳ ವ್ಯಾಸ ಸಾಮಾನ್ಯವಾಗಿ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಒಂದು ಘನ ಮೀಟರ್ ಮಂಜಿನಲ್ಲಿರುವ ನೀರನ್ನೆಲ್ಲ ಒಟ್ಟುಗೂಡಿಸಿದರೂ ಸಾಮಾನ್ಯವಾಗಿ ಅರ್ಧ ಗ್ರಾಂ ದಾಟುವುದಿಲ್ಲ. ಆದರೆ ಆ ಅರ್ಧ ಗ್ರಾಂ ಕೋಟಿಗಟ್ಟಲೆ ಹನಿಗಳಾಗಿ ಹಂಚಿಹೋಗಿರುತ್ತದೆ. ದೀಪದ ಬೆಳಕು ಪ್ರತಿ ಹನಿಗೂ ತಾಗಿ ಚದುರುತ್ತದೆ. ಹೆಚ್ಚಿನ ಪಾಲು ಮುಂದಕ್ಕೇ ಹೋದರೂ ಒಂದು ಪಾಲು ಹಿಂದಕ್ಕೆ, ಚಾಲಕನ ಕಣ್ಣಿಗೆ ಮರಳುತ್ತದೆ. ದೀಪದ ಶಕ್ತಿ ಎರಡು ಪಟ್ಟಾದರೆ ಹಿಂದಕ್ಕೆ ಬರುವ ಬೆಳಕೂ ಎರಡು ಪಟ್ಟಾಗುತ್ತದೆ. ಆದ್ದರಿಂದ ಮಂಜಿನಲ್ಲಿ ಬೆಳಕು ಹೆಚ್ಚಿಸಿದರೆ ಮೊದಲು ಹೆಚ್ಚಾಗುವುದು ಬಿಳಿ ಪರದೆಯ ಹೊಳಪು.

ಇಲ್ಲಿ ದೀಪ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಎಲ್ಲಿದೆ ಎನ್ನುವುದು ಮುಖ್ಯ. ಕ್ಯಾಬಿನ್ನಿನ ಮೇಲಿನ ಬಾರ್ ಚಾಲಕನ ಕಣ್ಣಿಗೆ ತೀರ ಹತ್ತಿರ. ಅದರ ಬೆಳಕು ಅವನು ನೋಡುವ ದಾರಿಯುದ್ದಕ್ಕೂ ಗಾಜಿನ ಮುಂದಿನಿಂದಲೇ ಹನಿಗಳನ್ನು ಬೆಳಗುತ್ತದೆ. ಅದೇ ದೀಪವನ್ನು ಬಂಪರಿನ ಕೆಳಗೆ, ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿಟ್ಟು, ಬೆಳಕು ಚಪ್ಪಟೆಯಾಗಿ, ಅಗಲವಾಗಿ, ಕೆಳಮುಖವಾಗಿ ಬೀಳುವಂತೆ ಮಾಡಿದರೆ? ಆಗ ಚಾಲಕನ ದೃಷ್ಟಿ ಬಹುಪಾಲು ಬೆಳಗದ ಮಂಜಿನ ಮೂಲಕ ಹಾದು, ಕೊನೆಗೆ ರಸ್ತೆಯ ಹತ್ತಿರ ಮಾತ್ರ ಬೆಳಕನ್ನು ಸಂಧಿಸುತ್ತದೆ. ಪರದೆ ತೆಳುವಾಗುತ್ತದೆ. ರಸ್ತೆಯಂಚಿನ ಬಿಳಿ ಗೆರೆ ಕಾಣುತ್ತದೆ. ನಿಜವಾದ ಮಂಜುದೀಪದ, ಅಂದರೆ ಫಾಗ್ ಲ್ಯಾಂಪಿನ, ಗುಟ್ಟು ಇಷ್ಟೇ.

ಹಳದಿ ಬಣ್ಣದ ಮಾತು ಬೇರೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಮಾತು ಎಲ್ಲ ಗ್ಯಾರೇಜುಗಳಲ್ಲೂ ಕೇಳಿಬರುತ್ತದೆ. ಆಕಾಶ ನೀಲಿಯಾಗಿ ಕಾಣಲು ನೀಲಿ ಬೆಳಕು ಹೆಚ್ಚು ಚದುರುವುದು ಕಾರಣವೆಂದು ಓದಿದ ವಿದ್ಯಾರ್ಥಿಗೂ ಇದು ಸರಿಯೆನಿಸಬಹುದು. ಆದರೆ ಆ ನಿಯಮ ಬೆಳಕಿನ ತರಂಗಾಂತರಕ್ಕಿಂತ ಬಹಳ ಸಣ್ಣದಾದ ಗಾಳಿಯ ಅಣುಗಳಿಗೆ ಸಲ್ಲುತ್ತದೆ. ಮಂಜಿನ ಹನಿಗಳು ತರಂಗಾಂತರಕ್ಕಿಂತ ಹತ್ತಾರು ಪಟ್ಟು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದೂ ಅದಕ್ಕಾಗಿಯೇ. ಫ್ರಾನ್ಸ್ ದೇಶ 1930ರ ದಶಕದಿಂದ 1993ರವರೆಗೆ ಕಾರುಗಳ ಹೆಡ್‌ಲೈಟ್ ಹಳದಿಯಾಗಿರಬೇಕೆಂದು ಕಡ್ಡಾಯ ಮಾಡಿತ್ತು; ಆಮೇಲೆ ಕೈಬಿಟ್ಟಿತು. ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕಿಗಿಂತ ಹಳದಿ ಬೆಳಕು ಕಣ್ಣಿಗೆ ಹಿತ ಎನ್ನುವವರು ಬಹಳ ಮಂದಿ. ಅಷ್ಟರಮಟ್ಟಿಗೆ ಅದು ಒಳ್ಳೆಯದೇ. ಮಂಜನ್ನು ಸೀಳುವ ಶಕ್ತಿ ಮಾತ್ರ ಅದಕ್ಕಿಲ್ಲ.

ವೈರಿಂಗ್ ಅಂಗಡಿಯ ಓಮ್ ನಿಯಮ

ಬಾರ್ ತೆಗೆಸಿ ಸರಿಯಾದ ಮಂಜುದೀಪ ಹಾಕಿಸಲು ತಂದೆ ಮಗ ಇಬ್ಬರೂ ವಾಹನಗಳ ವೈರಿಂಗ್ ಮಾಡುವ ಹಿರಿಯರೊಬ್ಬರ ಅಂಗಡಿಗೆ ಹೋದರು. ಗಿರಾಕಿಗಳೆಲ್ಲ ಅವರನ್ನು ಕರೆಯುವುದು ‘ವೈರಿಂಗ್ ಅಣ್ಣ’ ಎಂದೇ. ಅವರು ಮೊದಲು ಬಾನೆಟ್ ಎತ್ತಿ ಹಳೆಯ ತಂತಿಯನ್ನು ಬೆರಳಲ್ಲಿ ಹಿಡಿದು ನೋಡಿದರು. ಅದರ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಕರಗಿ ಅಂಟಾಗಿತ್ತು.

“ನೋಡಿ ಮಾರಾಯ್ರೆ, ಹತ್ತು ರೂಪಾಯಿ ವೈರಲ್ಲಿ ಉಳಿಸಿ ಗಾಡಿಯನ್ನೇ ಸುಡುವ ಕೆಲಸ ಇದು,” ಎಂದರು.

ಲೆಕ್ಕ ಕಷ್ಟದ್ದಲ್ಲ. ಪಿಯುಸಿ ಹುಡುಗ ಅಲ್ಲೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದ. 55 ವಾಟಿನ ಎರಡು ಹ್ಯಾಲೊಜೆನ್ ದೀಪಗಳೆಂದರೆ 110 ವಾಟ್. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9.2 ಆಂಪಿಯರ್. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ದೀಪಕ್ಕೆ ಹೋಗಿ, ಮರಳುವ ದಾರಿ 5 ಮೀಟರ್ ಎಂದುಕೊಳ್ಳೋಣ. ಅರ್ಧ ಚದರ ಮಿಲಿಮೀಟರಿನ ತೆಳು ತಾಮ್ರದ ತಂತಿಯಾದರೆ ಅದರ ರೋಧ 0.17 ಓಮ್. ಓಮ್ ನಿಯಮದಂತೆ 9.2ನ್ನು 0.17ರಿಂದ ಗುಣಿಸಿದರೆ ತಂತಿಯೊಂದರಲ್ಲೇ ಒಂದೂವರೆ ವೋಲ್ಟ್ ನಷ್ಟ. ಆ ನಷ್ಟವೆಲ್ಲ ಶಾಖವಾಗಿ ಹೊದಿಕೆಯನ್ನು ಕಾಯಿಸುತ್ತದೆ.

ಒಂದೂವರೆ ವೋಲ್ಟ್ ತಾನೇ ಎನ್ನುವಂತಿಲ್ಲ. ಹ್ಯಾಲೊಜೆನ್ ದೀಪದ ಬೆಳಕು ವೋಲ್ಟೇಜಿನ ಜೊತೆ ಸಮನಾಗಿ ಇಳಿಯುವುದಿಲ್ಲ. ಬಹಳ ಬೇಗ ಇಳಿಯುತ್ತದೆ. ವೋಲ್ಟೇಜ್ ನೂರಕ್ಕೆ ಹದಿಮೂರರಷ್ಟು ಕಡಿಮೆಯಾದರೆ ಬೆಳಕು ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಗ್ಗುತ್ತದೆ. ಅದೇ ಜಾಗದಲ್ಲಿ ಎರಡೂವರೆ ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಕೇವಲ 0.3 ವೋಲ್ಟ್. ಮಂಕು ಬೆಳಕಿಗೆ ಅನೇಕ ಸಲ ಕಾರಣ ದೀಪವಲ್ಲ. ತಂತಿ, ಸಡಿಲವಾದ ಕನೆಕ್ಷನ್, ತುಕ್ಕು ಹಿಡಿದ ಅರ್ತ್ ಬೋಲ್ಟ್.

ಇದನ್ನು ತಿಳಿಯದೆ ಹಲವರು 60/55 ವಾಟಿನ ಬಲ್ಬಿನ ಜಾಗಕ್ಕೆ 100/90 ವಾಟಿನದನ್ನು ಹಾಕುತ್ತಾರೆ. ಆಗ ಪ್ರವಾಹ ಇನ್ನೂ ಹೆಚ್ಚಿ ಸ್ವಿಚ್ಚು, ಹೋಲ್ಡರ್ ಸುಡುತ್ತವೆ. ಇನ್ನು ಕೆಲವರು ಹ್ಯಾಲೊಜೆನ್ನಿಗಾಗಿ ಮಾಡಿದ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬ್ ತುರುಕುತ್ತಾರೆ. ಹೆಡ್‌ಲೈಟಿನ ಪ್ರತಿಫಲಕವನ್ನು ರೂಪಿಸಿರುವುದು ಒಂದು ಸಣ್ಣ ತಂತುವಿನ ನಿಖರ ಸ್ಥಾನಕ್ಕಾಗಿ. ಆ ಸ್ಥಾನದಲ್ಲಿ, ಆ ಆಕಾರದಲ್ಲಿ ಬೆಳಕು ಹೊಮ್ಮದಿದ್ದರೆ ಡಿಮ್ ಬೆಳಕಿನ ಮೇಲಂಚಿನ ಗೆರೆ ಅಳಿಸಿಹೋಗಿ, ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ನಮ್ಮಲ್ಲಿ ಎಡಬದಿಯ ಸಂಚಾರವಿರುವುದರಿಂದ ಡಿಮ್ ಬೆಳಕು ಎಡಕ್ಕೆ ಸ್ವಲ್ಪ ಮೇಲೇಳುವಂತೆ ಮಾಡಿರುತ್ತಾರೆ. ಬಲಬದಿಯ ಸಂಚಾರವಿರುವ ದೇಶಗಳಿಗಾಗಿ ಮಾಡಿದ ದೀಪವನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಹಾಕಿದರೆ ಅದು ಬಲಕ್ಕೆ, ಅಂದರೆ ನೇರವಾಗಿ ಎದುರಿನವರ ಕಣ್ಣಿಗೆ ಏಳುತ್ತದೆ.

ವೈರಿಂಗ್ ಅಣ್ಣ ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರಿನ ಫ್ಯೂಸ್ ಇಟ್ಟರು. ಆಮೇಲೆ ಒಂದು ರಿಲೇ. ಇದೊಂದು ವಿದ್ಯುತ್ಕಾಂತದ ಸ್ವಿಚ್. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ ಸಣ್ಣ ಪ್ರವಾಹ ಮಾತ್ರ ಹರಿದು ರಿಲೇಯ ಸುರುಳಿಯನ್ನು ಕಾಂತವಾಗಿಸುತ್ತದೆ. ಆ ಕಾಂತ ಒಳಗಿನ ಪಟ್ಟಿಯನ್ನು ಎಳೆದಾಗ ದೊಡ್ಡ ಪ್ರವಾಹ ದಪ್ಪ ತಂತಿಯ ಮೂಲಕ, ಹತ್ತಿರದ ದಾರಿಯಲ್ಲಿ ದೀಪಕ್ಕೆ ಹೋಗುತ್ತದೆ. ರಿಲೇಯ ಮೇಲೆ 30, 85, 86, 87 ಎಂಬ ಅಂಕಿಗಳಿದ್ದವು. ಸುರುಳಿಗೆ 85 ಮತ್ತು 86, ಬ್ಯಾಟರಿಯಿಂದ ಬರುವುದಕ್ಕೆ 30, ದೀಪಕ್ಕೆ ಹೋಗುವುದಕ್ಕೆ 87. ಪಾರ್ಕಿಂಗ್ ದೀಪ ಉರಿಯುತ್ತಿದ್ದರೆ ಮಾತ್ರ ಮಂಜುದೀಪವೂ ಉರಿಯುವಂತೆ ಸ್ವಿಚ್ಚಿನ ತಂತಿಯನ್ನು ಜೋಡಿಸಿದರು. ಪಾರ್ಕಿಂಗ್ ದೀಪ ಆರಿಸಿದರೆ ಮಂಜುದೀಪವೂ ಆರುತ್ತದೆ; ಅದೊಂದನ್ನೇ ಮರೆತು ಬಿಟ್ಟು ಹೋಗುವ ಪ್ರಶ್ನೆಯಿಲ್ಲ.

ಲೋಡು ತುಂಬಿದಾಗ ಬೆಳಕು ಎಲ್ಲಿಗೆ?

ದೀಪ ಹಾಕಿದ್ದಾಯಿತು. ಮುಗಿಯಿತೆಂದು ಹೊರಡುವಾಗ ವೈರಿಂಗ್ ಅಣ್ಣ ಕೇಳಿದರು: “ಖಾಲಿ ಗಾಡಿಗೆ ಲೈಟ್ ಸೆಟ್ ಮಾಡಿ ಏನು ಪ್ರಯೋಜನ? ಘಾಟಿ ಇಳಿಯುವುದು ಖಾಲಿಯಾ?”

ಪಿಕಪ್ ವಾಹನದ ಇಡೀ ಸಮಸ್ಯೆ ಈ ಮಾತಿನಲ್ಲಿದೆ. ಕಾರಿಗಿಂತ ಇದು ಬೇರೆ. ಹಿಂದೆ ಒಂದು ಟನ್ನಿಗೂ ಮೇಲೆ ಭಾರ ಬಿದ್ದಾಗ ಹಿಂದಿನ ಪಟ್ಟಿ ಸ್ಪ್ರಿಂಗುಗಳು ಕುಗ್ಗುತ್ತವೆ, ಮೂತಿ ಮೇಲೇಳುತ್ತದೆ. ಮೂತಿಯ ಜೊತೆ ಬೆಳಕೂ ಏಳುತ್ತದೆ.

ಮರುದಿನ ಮಗ ತರಕಾರಿ ತುಂಬುವ ಗೋದಾಮಿನ ಸಮತಟ್ಟಾದ ಅಂಗಳದಲ್ಲಿ ಗಾಡಿಯನ್ನು ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಲು ಅಪ್ಪನಿಗೆ ಹೇಳಿದ. ಹೆಡ್‌ಲೈಟಿನ ನಡುಮಟ್ಟದ ಎತ್ತರವನ್ನು ಟೇಪಿನಿಂದ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿದ. ಖಾಲಿ ಗಾಡಿಯಲ್ಲಿ ಡಿಮ್ ಬೆಳಕಿನ ಮೇಲಂಚು ಗೆರೆಗಿಂತ 10 ಸೆಂಟಿಮೀಟರ್ ಕೆಳಗಿತ್ತು. ಅದು ಸರಿಯಾದ ಮಟ್ಟ. ಮೀಟರಿಗೊಂದು ಸೆಂಟಿಮೀಟರ್ ಇಳಿಜಾರು. ಮೂಟೆಗಳನ್ನು ತುಂಬಿದ ಮೇಲೆ ಹಿಂಭಾಗ 8 ಸೆಂಟಿಮೀಟರ್ ಕುಸಿಯಿತು. ಚಕ್ರಗಳ ನಡುವಿನ ಅಂತರ ಸುಮಾರು 3 ಮೀಟರ್. ಮೂರು ಮೀಟರಿಗೆ 8 ಸೆಂಟಿಮೀಟರ್ ಎಂದರೆ ಹತ್ತು ಮೀಟರಿಗೆ ಸುಮಾರು 27. ಗೋಡೆಯ ಮೇಲೂ ಹಾಗೆಯೇ ಆಯಿತು: ಬೆಳಕಿನ ಅಂಚು ಗೆರೆಯನ್ನು ದಾಟಿ 17 ಸೆಂಟಿಮೀಟರ್ ಮೇಲೆ ಹೋಗಿ ನಿಂತಿತು.

ಹುಡುಗ ಲೆಕ್ಕವನ್ನು ಮುಂದುವರಿಸಿದ. ದೀಪದ ಎತ್ತರ 90 ಸೆಂಟಿಮೀಟರ್. ಮೂವತ್ತು ಮೀಟರ್ ದೂರದಲ್ಲಿ ಬೆಳಕಿನ ಅಂಚು ಇನ್ನೂ 50 ಸೆಂಟಿಮೀಟರ್ ಮೇಲೆ, ಅಂದರೆ ನೆಲದಿಂದ 140ರಲ್ಲಿ. ಅದು ಹೆಚ್ಚುಕಡಿಮೆ ಬೈಕ್ ಸವಾರನ ಕಣ್ಣಿನ ಮಟ್ಟ. ಡಿಮ್ ಇಟ್ಟಿದ್ದೇನೆ ಎಂದು ಚಾಲಕ ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಎದುರಿನವನಿಗೆ ಮಾತ್ರ ಅದು ಬ್ರೈಟ್.

“ಅಂದರೆ ಬಾರ್ ಇಲ್ಲದಿದ್ದರೂ ಆವತ್ತು ಆ ಹುಡುಗನ ಕಣ್ಣಿಗೆ ನಮ್ಮ ಲೈಟ್ ಹೊಡೀತಿತ್ತು ಅಂತಲಾ?” ಎಂದು ಅಪ್ಪ ಕೇಳಿದರು.

“ಹೌದಪ್ಪ,” ಎಂದ ಮಗ.

ಕಣ್ಣು ಕೋರೈಸಿದ ಮೇಲೆ ದೃಷ್ಟಿ ಮರಳಲು ಹಲವು ಸೆಕೆಂಡುಗಳೇ ಬೇಕು. ವಯಸ್ಸಾದವರಿಗೆ, ಪೊರೆ ಬಂದವರಿಗೆ ಇನ್ನೂ ಹೆಚ್ಚು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಮೂರು ಸೆಕೆಂಡು ಕುರುಡಾದರೆ 33 ಮೀಟರ್. ಘಾಟಿಯ ಒಂದು ತಿರುವಿಗೆ ಅಷ್ಟು ದೂರ ಸಾಕು.

ಅಂದು ಹೆಡ್‌ಲೈಟನ್ನು ಲೋಡಿನೊಂದಿಗೆ ಮತ್ತೆ ಕೆಳಗಿಳಿಸಿದರು. ಮಂಜುದೀಪಗಳನ್ನೂ ತುಂಬಿದ ಗಾಡಿಯಲ್ಲೇ ಮೀಟರಿಗೆ 2 ಸೆಂಟಿಮೀಟರ್ ಇಳಿಯುವಂತೆ ಬಿಗಿಮಾಡಿದರು. ಅರ್ಧ ಮೀಟರ್ ಎತ್ತರದ ದೀಪದ ಬೆಳಕು ಆಗ 25 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಖಾಲಿ ಬರುವಾಗ ಹತ್ತು ಹನ್ನೊಂದು ಮೀಟರಿಗೇ ಮುಟ್ಟುತ್ತದೆ. ಆಗ ಬೆಳಕಿಗೆ ತಕ್ಕಂತೆ ಇನ್ನೂ ನಿಧಾನವಾಗಿ ಹೋದರಾಯಿತು. ಕೆಲವು ಗಾಡಿಗಳಲ್ಲಿ ಹೆಡ್‌ಲೈಟಿನ ಮಟ್ಟವನ್ನು ಲೋಡಿಗೆ ತಕ್ಕಂತೆ ಬದಲಿಸುವ ಸಣ್ಣ ಗಾಲಿ ಡ್ಯಾಶ್‌ಬೋರ್ಡಿನಲ್ಲೇ ಇರುತ್ತದೆ. ಅದನ್ನು ಮುಟ್ಟಿಯೇ ನೋಡದ ಚಾಲಕರೂ ಇದ್ದಾರೆ.

ಇಪ್ಪತ್ತೈದು ಮೀಟರ್ ಸಾಕೇ? ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು 12 ಮೀಟರ್, ಒದ್ದೆ ರಸ್ತೆಯಲ್ಲಿ ನಿಲ್ಲಲು ಮತ್ತೆ 9 ಮೀಟರ್, ಒಟ್ಟು 21. ಇಳಿಜಾರಿನಲ್ಲಿ, ಭಾರದೊಂದಿಗೆ ಇನ್ನೂ ಸ್ವಲ್ಪ ಹೆಚ್ಚು. ಗಂಟೆಗೆ 50 ಕಿಲೋಮೀಟರ್ ಆದರೆ ಒಟ್ಟು 45 ಮೀಟರ್ ಬೇಕು. ಮಂಜಿನಲ್ಲಿ ಅಷ್ಟು ದೂರ ತೋರಿಸುವ ದೀಪ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ವೇಗವನ್ನು ನಿಗದಿ ಮಾಡಬೇಕಾದ್ದು ಕಣ್ಣಿಗೆ ಕಾಣುವ ದೂರ.

ಕಾನೂನಿನ ಕಣ್ಣು

ಈ ವಿಷಯದಲ್ಲಿ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದಂತೆ ಮುಂದಿನ ದೀಪದ ಬೆಳಕು ಯಾವಾಗಲೂ ಕೆಳಕ್ಕೆ ಬಾಗಿರಬೇಕು. ದೀಪದಿಂದ 8 ಮೀಟರ್ ದೂರದಲ್ಲಿ, ಬಲಕ್ಕೆ ಅರ್ಧ ಮೀಟರ್ ಸರಿದು, ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಅದು ಕೋರೈಸಬಾರದು. 111ನೇ ನಿಯಮ ವಾಹನದ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್‌ಗಳನ್ನು ನಿಷೇಧಿಸುತ್ತದೆ. ವಿಶೇಷ ಸಂದರ್ಭಗಳಲ್ಲಿ ಮಾತ್ರ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿಯಿಂದ ಹಾಕಬಹುದು. ಮುಂದಕ್ಕೆ ಕೆಂಪು ಬೆಳಕು ತೋರಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ವಾಹನದ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. 2024ರ ಜುಲೈನಿಂದ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಾಹನಗಳ ಮೇಲೆ ವಿಶೇಷವಾಗಿ ಪ್ರಕರಣ ಹಾಕತೊಡಗಿದರು.

ದಂಡದ ಭಯ ಒಂದು ಕಡೆ ಇರಲಿ. ಹೆಚ್ಚುವರಿ ದೀಪ ಹಾಕಿಸಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸಗಳಿಗೆ ಖರ್ಚೇ ಇಲ್ಲ. ಹೆಡ್‌ಲೈಟಿನ ಗಾಜಿನ ಕೆಸರು ಒರೆಸುವುದು, ಮಬ್ಬಾದ ಗಾಜನ್ನು ತಿಕ್ಕಿಸುವುದು, ಅರ್ತ್ ಬೋಲ್ಟಿನ ತುಕ್ಕು ತೆಗೆಯುವುದು, ಹಿಂದಿನ ಕೆಂಪು ದೀಪಗಳು ಉರಿಯುತ್ತವೆಯೇ ಎಂದು ನೋಡುವುದು, ಪ್ರತಿಫಲಿಸುವ ಪಟ್ಟಿಗಳ ಮೇಲೆ ಟಾರ್ಪಾಲು ಮುಚ್ಚದಂತೆ ಕಟ್ಟುವುದು. ಮಂಜಿನಲ್ಲಿ ನಾವು ಕಾಣುವುದು ಅರ್ಧ ಕೆಲಸ. ಬೇರೆಯವರಿಗೆ ಕಾಣಿಸುವುದು ಉಳಿದರ್ಧ. ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುವ ರೂಢಿಯೂ ಒಳ್ಳೆಯದಲ್ಲ. ಗಾಡಿ ನಿಂತಿದೆಯೋ ತಿರುಗುತ್ತದೆಯೋ ಹಿಂದಿನವರಿಗೆ ತಿಳಿಯುವುದಿಲ್ಲ.

ಮತ್ತೆ ಕೊಟ್ಟಿಗೆಹಾರ

ಆ ಜುಲೈ ರಾತ್ರಿಗೆ ಮರಳೋಣ. ಚಹಾ ಮುಗಿಯಿತು. ಬಣಕಲ್ಲಿನವರ ಪಿಕಪ್ ಹೊರಟಿತು. ಕಾಲೇಜಿಗೆ ರಜೆಯಿದ್ದುದರಿಂದ ಮಗನೂ ಜೊತೆಗಿದ್ದ. ವೃತ್ತ ದಾಟಿದ ಸ್ವಲ್ಪ ಹೊತ್ತಿನಲ್ಲೇ ಮಂಜು ಬಂತು. ಡಿಮ್, ಅದರ ಕೆಳಗೆ ಎರಡು ಮಂಜುದೀಪ. ಮಂಜು ಸೀಳಿಹೋಗಲಿಲ್ಲ, ಅದು ಅಲ್ಲೇ ಇತ್ತು. ಆದರೆ ಅದರ ಅಡಿಯಲ್ಲಿ ಚಾಪೆ ಹಾಸಿದಂತೆ ಒಂದಿಷ್ಟು ಒದ್ದೆ ರಸ್ತೆ, ಎಡಕ್ಕೆ ಬಿಳಿ ಗೆರೆ, ಚರಂಡಿಯ ಅಂಚು ಕಾಣುತ್ತಿದ್ದವು. ಮುಳ್ಳು 25ರ ಮೇಲೆ ಏರಲಿಲ್ಲ.

ಒಂದು ತಿರುವಿನ ಕೆಳಗೆ ಎರಡು ಹಳದಿ ಚುಕ್ಕಿಗಳು ಮೂಡಿದವು. ಹತ್ತುತ್ತಿದ್ದ ಬಸ್ಸು. ಇಕ್ಕಟ್ಟಾದ ಘಾಟಿ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಅಪ್ಪ ಗಾಡಿಯನ್ನು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದರು. ಬಸ್ಸು ನಿಧಾನವಾಗಿ ಪಕ್ಕಕ್ಕೆ ಬಂತು. ಅದರ ಚಾಲಕ ಕಿಟಕಿಯಿಂದ ಕೈ ಎತ್ತಿದ. ಅವನ ಮುಖ, ಕಣ್ಣುಗಳ ಸಮೇತ, ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಕಣ್ಣು ಕಿರಿದು ಮಾಡಿರಲಿಲ್ಲ.

ತಡೆಗೋಡೆ ಮುರಿದಿದ್ದ ಆ ಜಾಗ ಬಂದಾಗ ಅಪ್ಪ ಮಗ ಇಬ್ಬರೂ ಒಮ್ಮೆ ಬಲಕ್ಕೆ ನೋಡಿದರು. ಯಾರೂ ಮಾತನಾಡಲಿಲ್ಲ.

ಎಲ್‌ಇಡಿ ಬಾರ್ ಈಗ ಅವರ ಮನೆಯ ಅಟ್ಟದಲ್ಲಿದೆ. ಅದನ್ನು ಮಾರುವ ಯೋಚನೆಯಿಲ್ಲ. ಚಳಿಗಾಲದಲ್ಲಿ ಕಾಫಿ ಕೊಯ್ಲು ಬಂದಾಗ ಹಳೆಯ ಬ್ಯಾಟರಿಗೆ ಜೋಡಿಸಿ ಕಣದ ಕಂಬಕ್ಕೆ ಕಟ್ಟಿದರೆ, ಸಂಜೆ ಹೊತ್ತಾದ ಮೇಲೂ ಕಾಫಿ ರಾಶಿ ಮಾಡಿ ಮುಚ್ಚುವ ಕೆಲಸಕ್ಕೆ ಒಳ್ಳೆಯ ಬೆಳಕು. ಕಣದಲ್ಲಿ ಎದುರಿಗೆ ಯಾರೂ ಬರುವುದಿಲ್ಲ.